‘ಸೀಟ್ ಬೆಲ್ಟ್ ಹಾಕ್ಕೊಳ್ರಿ’ ಅಂದ್ರೆ ಕೂರಬೇಕಾ, ಏಳಬೇಕಾ?

ಬೆಳಗಾವಿಯಲ್ಲಿ ಕೂತು ಇಂಗ್ಲಿಷ್ ಪತ್ರ, ಜಾಹೀರಾತು, ನೋಟಿಸುಗಳನ್ನು ಕನ್ನಡಕ್ಕೆ ಮಾಡಿಕೊಡುವುದು ನನ್ನ ಹೊಟ್ಟೆಪಾಡು. ಕೆಲವು ವರ್ಷಗಳ ಹಿಂದೆ ಉದ್ಯಮಬಾಗದ ಕಡೆಯ ಒಂದು ಕಾರ್ಖಾನೆಯಿಂದ ಒಂದು ಪುಟದ ನೋಟಿಸ್ ಬಂತು. ದೊಡ್ಡ ಆರ್ಡರ್ ಸಿಕ್ಕಿದೆ, ಮುಂದಿನ ಮೂರು ತಿಂಗಳು ಪಾಳಿ ಬದಲಾಗುತ್ತವೆ, ರಜೆ ಕೇಳಬೇಡಿ ಅನ್ನುವುದು ವಿಷಯ. ಕೊನೆಯ ಸಾಲು, ‘ಸೋ ಬಕಲ್ ಅಪ್, ಎವ್ರಿಒನ್!’ ನನಗೋ ಮನೆಗೆ ಹೋಗುವ ಅವಸರ. ‘ಆದ್ದರಿಂದ ಎಲ್ಲರೂ ಸೀಟ್ ಬೆಲ್ಟ್ ಕಟ್ಟಿಕೊಳ್ಳಿ’ ಎಂದು ಬರೆದು ಕಳಿಸಿಬಿಟ್ಟೆ.

ಮರುದಿನ ಅಲ್ಲಿನ ಸೂಪರ್‌ವೈಸರ್ ಫೋನ್ ಹಚ್ಚಿದರು. ‘ಸರ, ಮಂದಿ ಬಂದು ಕೇಳಾಕತ್ತಾರ, ಗಾಡಿ ಎಷ್ಟಕ್ಕ ಬರ್ತೈತಿ, ಎಲ್ಲಿಗೆ ಟ್ರಿಪ್ಪು ಅಂತ. ಒಬ್ಬಾಂವ ಅಂತೂ ಹೆಂಡ್ತಿ ಮಕ್ಕಳನೂ ಕರಕೊಂಡ ಬರಲ್ಯಾ ಅಂತ ಕೇಳಿದ.’

ನೋಟಿಸ್ ತೆಗೆಸಿ, ‘ಎಲ್ಲರೂ ಟೊಂಕ ಕಟ್ಟಿ ನಿಲ್ಲೋಣ’ ಎಂದು ತಿದ್ದಿಕೊಟ್ಟೆ. ಸರಿಹೋಯಿತು. ಸರಿಹೋಗಿದ್ದೇ ತಪ್ಪಾಯಿತು ನೋಡಿ. ಆಮೇಲೆ ಈ ಮಾತು ಎಲ್ಲೇ ಬಂದರೂ ಕಣ್ಣುಮುಚ್ಚಿ ಟೊಂಕ ಕಟ್ಟಿಸತೊಡಗಿದೆ. ಪೆಟ್ರೋಲ್ ಬೆಲೆ ಏರಲಿದೆ, ಟೊಂಕ ಕಟ್ಟಿ. ಸಿನಿಮಾ ಭರ್ಜರಿಯಾಗಿದೆ, ಟೊಂಕ ಕಟ್ಟಿ. ಒಂದು ದಿನ ಮನೆಯಲ್ಲಿ ಜೋರಾಗಿ ಓದಿ ನೋಡುತ್ತಿದ್ದಾಗ ಹೆಂಡತಿ ಕೇಳಿದಳು: ‘ಸಿನಿಮಾ ನೋಡಾಕ ಟೊಂಕ ಯಾಕ ಕಟ್ಟಬೇಕ್ರೀ? ಥೇಟರದಾಗ ಕುರ್ಚಿ ಹೊರಾಕ ಹೋಗೂದೈತೇನು?’

ಆ ಪ್ರಶ್ನೆ ನನ್ನ ಕಣ್ಣು ತೆರೆಸಿತು. ಇಂಗ್ಲಿಷ್ ಕಲಿಯುವವರು, ಸುದ್ದಿ ಡೆಸ್ಕಿನಲ್ಲಿ ಅನುವಾದ ಮಾಡುವವರು, ಮ್ಯಾನೇಜರ್ ಕಳಿಸಿದ ಮೇಲ್ ಓದಿ ತಲೆ ಕೆರೆದುಕೊಳ್ಳುವವರು ನನ್ನ ಹಾಗೆ ಎಡವಬಾರದು ಅಂತ ಇದನ್ನು ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ.

ಹೆಜ್ಜೆ 1: ಶಬ್ದವನ್ನು ಬಿಚ್ಚಿ ನೋಡಿ

ಈ ನುಡಿಗಟ್ಟಿನ ಪೂರ್ತಿ ಮಾತು ‘ಫಾಸನ್ ಯುವರ್ ಸೀಟ್ ಬೆಲ್ಟ್ಸ್’. ಮುಂದೆ ಕುಲುಕಾಟ ಇದೆ, ಸಿದ್ಧರಾಗಿ ಅನ್ನುವುದು ಅದರ ಭಾವ. ಬರೆಯುವಾಗ ‘ಫಾಸನ್’ ನಡುವೆ ಒಂದು ‘ಟಿ’ ಇದೆ, ಬಾಯಲ್ಲಿ ಇಲ್ಲ. ‘ಫಾಸ್ಟನ್’ ಅಂದುಬಿಟ್ಟರೆ ಗಂಟೇನೂ ಹೋಗಲ್ಲ. ಆದರೆ ಅದರಿಂದ ಇನ್ನೊಂದು ಗೊಂದಲ ಹುಟ್ಟುತ್ತದೆ. ನಮ್ಮಲ್ಲಿ ‘ಫಾಸ್ಟ್’ ಅಂದರೆ ಬೇಗ, ಜೋರು. ಹಾಗಾಗಿ ‘ಬೆಲ್ಟ್ ಬೇಗ ಬೇಗ ಹಾಕಿಕೊಳ್ಳಿ’ ಅಂತ ಅರ್ಥ ಮಾಡಿಕೊಂಡವರನ್ನೂ ಕಂಡಿದ್ದೇನೆ.

ಈ ‘ಫಾಸ್ಟ್’ ಬೇರೆ. ಇದಕ್ಕೆ ಗಟ್ಟಿ, ಅಲ್ಲಾಡದ, ಬಿಡದ ಎಂಬ ಹಳೆಯ ಅರ್ಥ. ಇಳಕಲ್ಲ ಸೀರೆ ಕೊಳ್ಳುವಾಗ ‘ಬಣ್ಣಾ ಪಕ್ಕಾ ಐತಿಲ್ರಿ? ತೊಳದ್ರ ಬಿಡೂದಿಲ್ಲಲ್ಲ?’ ಅಂತ ಕೇಳುತ್ತೀವಲ್ಲ, ಆ ಪಕ್ಕಾ ಬಣ್ಣಕ್ಕೆ ಇಂಗ್ಲಿಷಿನಲ್ಲಿ ‘ಫಾಸ್ಟ್ ಕಲರ್’ ಅನ್ನುತ್ತಾರೆ. ಓಡುವ ಬಣ್ಣ ಅಲ್ಲ, ಓಡಿಹೋಗದ ಬಣ್ಣ. ‘ಫಾಸನ್’ ಅದೇ ಶಬ್ದದ ಮಗ. ಬಿಡದ ಹಾಗೆ ಮಾಡು, ಬಿಗಿ ಎಂದು ಅದರ ಅರ್ಥ.

‘ಬಕಲ್ ಅಪ್’ ಅಂದರೂ ಅದೇ. ಬಕಲ್ ಎಂದರೆ ಬೆಲ್ಟಿನ ಕೊಂಡಿ. ‘ಸ್ಟ್ರ್ಯಾಪ್ ಇನ್’ ಅಂತಲೂ ಕೇಳಿರುತ್ತೀರಿ. ‘ಫಾಸನ್’ ವಿಮಾನದ ಗಗನಸಖಿಯ ಬಾಯಿಗೆ ಒಪ್ಪುತ್ತದೆ, ‘ಬಕಲ್ ಅಪ್’ ಕಾರಿನಲ್ಲಿ ಅಪ್ಪ ಮಕ್ಕಳಿಗೆ ಹೇಳುವಂಥದ್ದು. ಅರ್ಥದಲ್ಲಿ ಜಾಸ್ತಿ ಫರಕು ಇಲ್ಲ.

ಹೆಜ್ಜೆ 2: ಇದು ಯಾವ ಗಾಡಿಯಿಂದ ಇಳಿದ ಮಾತು?

ಕಾರಿನಿಂದಲ್ಲ, ವಿಮಾನದಿಂದ. ಮಳೆಗಾಲದಲ್ಲಿ ನಮ್ಮ ಬೆಳಗಾವಿಯ ವಿಮಾನ ನಿಲ್ದಾಣ ಸಾಂಬ್ರಾಕ್ಕೆ ಇಳಿಯುವ ಸಣ್ಣ ವಿಮಾನದಲ್ಲಿ ಕೂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೆಳಗೆ ಕಣ್ಣಿಗೆ ಬರೀ ಬಿಳಿ ಮೋಡ. ‘ಟಿಂಗ್’ ಅಂತ ಸದ್ದಾಗಿ ತಲೆಯ ಮೇಲೆ ಬೆಲ್ಟಿನ ಚಿತ್ರದ ದೀಪ ಹತ್ತುತ್ತದೆ. ಮರುಕ್ಷಣ ಬಸ್ಸು ತೆಗ್ಗಿಗೆ ಬಿದ್ದ ಹಾಗೆ ದಡಕ್! ಪಕ್ಕದಲ್ಲಿ ಅಲ್ಲಿಯವರೆಗೆ ಶೇರು ಮಾರುಕಟ್ಟೆಯ ಮಾತಾಡುತ್ತಿದ್ದವರು ಕಣ್ಣುಮುಚ್ಚಿ ‘ಯಲ್ಲವ್ವಾ’ ಅನ್ನುತ್ತಾರೆ. ಆ ದೀಪ ಹತ್ತಿದ್ದಕ್ಕೂ ದಡಕ್ ಅಂದದ್ದಕ್ಕೂ ನಡುವೆ ಸಿಗುವ ನಾಲ್ಕು ಸೆಕೆಂಡು ಇದೆಯಲ್ಲ, ಈ ನುಡಿಗಟ್ಟು ಹುಟ್ಟಿದ್ದು ಅಲ್ಲಿ.

ಅದು ವಿಮಾನ ಬಿಟ್ಟು ಜನರ ಬಾಯಿಗೆ ಬರಲು ದೊಡ್ಡ ಕಾರಣ 1950ರ ಹಾಲಿವುಡ್ ಚಿತ್ರ ‘ಆಲ್ ಅಬೌಟ್ ಈವ್’. ಅದರಲ್ಲಿ ಬೆಟ್ ಡೇವಿಸ್ ಮಾಡಿದ್ದು ಮಾರ್ಗೋ ಎಂಬ ರಂಗನಟಿಯ ಪಾತ್ರ. ಮನೆಯಲ್ಲಿ ಪಾರ್ಟಿ, ಮಾರ್ಗೋಗೆ ಒಳಗೊಳಗೇ ಸಿಟ್ಟು. ಸೀಟ್ ಬೆಲ್ಟ್ ಬಿಗಿದುಕೊಳ್ಳಿ, ಈ ರಾತ್ರಿ ಕುಲುಕಾಟ ಜೋರಿರುತ್ತದೆ ಅನ್ನುವ ಅರ್ಥದ ಮಾತನ್ನು ಅವಳು ಅಲ್ಲಿದ್ದವರಿಗೆ ಹೇಳುತ್ತಾಳೆ. ಅಲ್ಲಿ ವಿಮಾನವೂ ಇಲ್ಲ, ಕಾರೂ ಇಲ್ಲ. ಕುಲುಕಾಟ ಅಂದರೆ ಅವಳೇ! ಇಂಗ್ಲಿಷಿನವರೂ ಇದನ್ನು ತಪ್ಪಾಗಿ ಹೇಳುವುದುಂಟು. ‘ಬಂಪಿ ರೈಡ್’ ಅನ್ನುತ್ತಾರೆ. ಚಿತ್ರದಲ್ಲಿ ಇರುವುದು ‘ಬಂಪಿ ನೈಟ್’. ಕ್ವಿಜ್ಜಿನಲ್ಲಿ ಕೇಳಿದರೆ ಉಪಯೋಗಕ್ಕೆ ಬರಲಿ.

ಆ ಕಾಲಕ್ಕೆ ಕಾರುಗಳಲ್ಲಿ ಬೆಲ್ಟ್ ಅಪರೂಪ. ಈಗ ನಾವು ಎದೆಗೆ ಅಡ್ಡ ಎಳೆದುಕೊಳ್ಳುವ ಬೆಲ್ಟನ್ನು ಸ್ವೀಡನ್ನಿನ ಎಂಜಿನಿಯರ್ ನಿಲ್ಸ್ ಬೋಲಿನ್ ವೋಲ್ವೋ ಕಂಪನಿಯಲ್ಲಿ ಮಾಡಿದ್ದು 1959ರಲ್ಲಿ. ಅದಕ್ಕೂ ಮೊದಲು ಆತ ಯುದ್ಧವಿಮಾನದ ಪೈಲಟನನ್ನು ಸೀಟಿನ ಸಮೇತ ಹೊರಗೆ ಚಿಮ್ಮಿಸುವ ವ್ಯವಸ್ಥೆಯ ಮೇಲೆ ಕೆಲಸ ಮಾಡಿದ್ದವ. ಹೊರಗೆ ಎಸೆಯುವುದನ್ನು ಬಿಟ್ಟು ಒಳಗೆ ಹಿಡಿದಿಡುವುದಕ್ಕೆ ಬಂದ ಅನ್ನಿ. ವೋಲ್ವೋ ಆ ಪೇಟೆಂಟನ್ನು ಬೇರೆ ಕಂಪನಿಗಳಿಗೂ ಮುಕ್ತವಾಗಿ ಬಿಟ್ಟಿತು. ಬೆಲ್ಟ್ ಕಾರಿಗೆ ಬಂದ ಮೇಲೆ ಮಾತೂ ಕಾರು ಹತ್ತಿತು.

ಹೆಜ್ಜೆ 3: ಸ್ಟೇರಿಂಗ್ ಯಾರ ಕೈಯಲ್ಲಿದೆ ಎಂದು ಕೇಳಿ

ನಾನು ಎಡವಿದ್ದು ಇಲ್ಲಿಯೇ. ಅದಕ್ಕೆ ಸ್ವಲ್ಪ ನಿಂತು ನೋಡೋಣ.

ಬೆಳಗಾವಿಯಿಂದ ಯರಗಟ್ಟಿ, ಲೋಕಾಪುರ ಮೇಲೆ ಬಾಗಲಕೋಟೆಗೆ ಹೋಗುವ ಕೆಂಪು ಬಸ್ಸಿನ ಹಿಂದಿನ ಸೀಟು ನೆನಪಿಸಿಕೊಳ್ಳಿ. ಹಿಂದಿನ ಗಾಲಿಗಿಂತ ಆಚೆ ಇರುವ ಆ ಉದ್ದನೆ ಸೀಟಿನಲ್ಲಿ ಕೂತವರು ಹಂಪ್ ಬಂದಾಗ ಅರ್ಧ ಅಡಿ ಮೇಲೆ ಹಾರುತ್ತಾರೆ. ಎಲ್ಲಿ ಹಂಪ್ ಇದೆ, ಎಲ್ಲಿ ತೆಗ್ಗು ಇದೆ ಎನ್ನುವುದು ಕಂಡಕ್ಟರನಿಗೆ ಬಾಯಿಪಾಠ. ತೊಡೆಯ ಮೇಲೆ ರೊಟ್ಟಿ ಬುತ್ತಿ ಇಟ್ಟುಕೊಂಡು ತೂಕಡಿಸುತ್ತಿರುವ ಮುದುಕಿಗೆ ಅವನು ಹೇಳುತ್ತಾನೆ: ‘ಯವ್ವಾ, ಗಟ್ಟಿ ಹಿಡಕೊಂಡ ಕುಂದರಬೇ, ಮುಂದ ಹಂಪ್ ಐತಿ.’ ಆಕೆ ಒಂದು ಕೈಯಿಂದ ಬುತ್ತಿಯನ್ನು ಎದೆಗವಚಿಕೊಂಡು, ಇನ್ನೊಂದು ಕೈಯಿಂದ ಮುಂದಿನ ಸೀಟಿನ ಸರಳು ಹಿಡಿಯುತ್ತಾಳೆ. ಹಲ್ಲು ಕಚ್ಚುತ್ತಾಳೆ. ದಡಕ್. ‘ಹೋತೇನಪಾ ಹಂಪು?’ ಎಂದು ಕೇಳಿ ಮತ್ತೆ ಕಣ್ಣು ಮುಚ್ಚುತ್ತಾಳೆ.

ಕಂಡಕ್ಟರ್ ಹೇಳಿದ್ದು ಅಚ್ಚುಕಟ್ಟಾಗಿ ಆ ಇಂಗ್ಲಿಷ್ ಮಾತೇ. ಮುದುಕಿಗೆ ಬಸ್ ನಿಲ್ಲಿಸಲು ಬರುವುದಿಲ್ಲ. ಹಂಪ್ ತಪ್ಪಿಸಲು ಬರುವುದಿಲ್ಲ. ಕೂತಲ್ಲಿಯೇ ಗಟ್ಟಿಯಾಗಬೇಕು, ಅಷ್ಟೇ ಅವಳ ಕೈಯಲ್ಲಿರುವುದು.

ಟೊಂಕ ಕಟ್ಟುವುದು ಬೇರೆಯೇ ಸಂಗತಿ. ಹತ್ತಿ ಬಿಡಿಸಲು ಹೊಲಕ್ಕಿಳಿಯುವ ಹೆಣ್ಣುಮಗಳು ಸೀರೆಯನ್ನು ಮೇಲೆತ್ತಿ ಕಟ್ಟಿ, ಸೆರಗನ್ನು ಸುತ್ತಿ ನಡುವಿಗೆ ಸಿಗಿಸುತ್ತಾಳೆ. ಕುಸ್ತಿಯ ಕಣಕ್ಕಿಳಿಯುವ ಪೈಲವಾನ ಲಂಗೋಟ ಬಿಗಿಯುತ್ತಾನೆ. ಇಬ್ಬರೂ ಕಟ್ಟುವುದು ಎದ್ದು ನಿಂತು, ತಾವೇ ಮಾಡಬೇಕಾದ ಕೆಲಸಕ್ಕೆ. ಸಡಿಲ ಬಟ್ಟೆ ಕೈಕಾಲಿಗೆ ತೊಡರಬಾರದು ಅಂತ. ಈ ನುಡಿಗಟ್ಟಿನ ಬೆಲ್ಟ್ ಹಾಗಲ್ಲ. ಅದನ್ನು ಹಾಕಿಕೊಳ್ಳುವುದು ಕೂತು, ಬೇರೆಯವರು ಓಡಿಸುವ ಗಾಡಿಯಲ್ಲಿ.

ಹಾಗಾಗಿ ವಾಕ್ಯ ಎದುರಿಗೆ ಬಂದಾಗ ಇಷ್ಟು ಕೇಳಿಕೊಳ್ಳಿ: ಮುಂದೆ ನಡೆಯುವುದನ್ನು ಕೇಳುಗ ತಾನೇ ಮಾಡುತ್ತಾನಾ, ಇಲ್ಲ ಅವನಿಗೆ ಆಗುತ್ತದಾ? ಮಾಡುವುದಾದರೆ ಟೊಂಕ, ಆಗುವುದಾದರೆ ಬೆಲ್ಟ್. ಪೆಟ್ರೋಲ್ ಬೆಲೆ ನಮಗೆ ಆಗುತ್ತದೆ. ಸಿನಿಮಾ ನಮಗೆ ಆಗುತ್ತದೆ. ಅಲ್ಲಿ ಟೊಂಕ ಕಟ್ಟಿಕೊಂಡು ಎದ್ದು ನಿಂತವನು ಹಿಂದಿನವರಿಂದ ಬೈಸಿಕೊಳ್ಳುತ್ತಾನೆ.

ಕಾರ್ಖಾನೆಯ ನೋಟಿಸಿಗೆ ಟೊಂಕ ಸರಿಹೋಗಿದ್ದು ಕೆಲಸ ಮಾಡುವವರು ಕಾರ್ಮಿಕರೇ ಆಗಿದ್ದಕ್ಕೆ. ಆದರೂ ಆಮೇಲೆ ಯೋಚನೆ ಮಾಡಿದರೆ, ಮೂಲದಲ್ಲಿ ‘ಬಕಲ್ ಅಪ್’ ಅಂತ ಬರೆದವರ ಬಾಯಿಂದ ಒಂದು ಸತ್ಯ ಜಾರಿತ್ತು. ಪಾಳಿ ಬದಲಿಸಿದ್ದು ಕಾರ್ಮಿಕರಲ್ಲ, ಸ್ಟೇರಿಂಗ್ ಅವರ ಕೈಯಲ್ಲಿ ಇರಲಿಲ್ಲ. ನನ್ನ ‘ಟೊಂಕ ಕಟ್ಟಿ ನಿಲ್ಲೋಣ’ ಅದನ್ನು ನೀಟಾಗಿ ಮುಚ್ಚಿಹಾಕಿತು. ‘ನಿಲ್ಲೋಣ’ದಲ್ಲಿರುವ, ನಾವೆಲ್ಲ ಒಂದೇ ಅನ್ನುವ ಆ ‘ಓಣ’ ನೋಡಿ ಆಫೀಸಿನವರು ಯಾಕೆ ಅಷ್ಟು ಖುಷಿಯಾದರು ಅಂತ ನನಗೆ ಹೊಳೆದದ್ದು ಎಷ್ಟೋ ದಿನದ ಮೇಲೆ.

ಹೆಜ್ಜೆ 4: ಹೇಳುವವರ ದನಿ ಹಿಡಿಯಿರಿ, ಆಮೇಲೆ ಕನ್ನಡ ಹುಡುಕಿ

‘ಆಗುವುದು’ ಅಂತ ತೀರ್ಮಾನ ಆಯಿತು. ಆದರೆ ಆಗುವುದು ಮಜವೋ, ಪೀಕಲಾಟವೋ? ಇಂಗ್ಲಿಷ್ ಮಾತು ಎರಡಕ್ಕೂ ನಡೆಯುತ್ತದೆ. ಕನ್ನಡದಲ್ಲಿ ಒಂದೊಂದಕ್ಕೆ ಒಂದೊಂದು ಮಾತಿದೆ. ಇದು ನಮಗೆ ಅನುಕೂಲವೇ.

ಮಜಾ ಇದ್ದರೆ ‘ಗಟ್ಟಿಯಾಗಿ ಕೂತ್ಕೊಳ್ಳಿ’, ನಮ್ಮ ಕಡೆ ‘ಗಟ್ಟಿ ಕುಂದರ್ರಿ’. ಹೊಸ ಸಿನಿಮಾ, ಕಬಡ್ಡಿ ಫೈನಲ್, ಕ್ರಿಕೆಟ್ಟಿನ ಕೊನೆಯ ಓವರ್, ಗೋವಾ ದಾರಿಯ ಚೋರ್ಲಾ ಘಾಟಿನ ತಿರುವುಗಳು, ಎಲ್ಲಕ್ಕೂ ನಡೆಯುತ್ತದೆ. ಚೋರ್ಲಾದ ವಿಷಯಕ್ಕೆ ನಿಂಬೆಹಣ್ಣು ಜೊತೆಗಿಟ್ಟುಕೊಳ್ಳಿ ಅಂತಲೂ ಸೇರಿಸಬಹುದು.

ತೊಂದರೆ ಬರುವುದಿದ್ದರೆ ನನ್ನ ಮೊದಲ ಆಯ್ಕೆ ‘ಮುಂದಿದೆ ಮಾರಿಹಬ್ಬ’. ಇದಕ್ಕಿಂತ ಹತ್ತಿರದ ಮಾತು ನನಗೆ ಸಿಕ್ಕಿಲ್ಲ. ಮಾರ್ಗೋ ಬಾಗಲಕೋಟೆಯವಳಾಗಿದ್ದರೆ ಪಾರ್ಟಿಗೆ ಬಂದವರಿಗೆ ‘ತಡೀರಿ, ಮುಂದೈತಿ ಮಾರಿಹಬ್ಬ’ ಅನ್ನುತ್ತಿದ್ದಳು, ಅನುಮಾನವೇ ಬೇಡ. ಈಗ ನೋಡಿದ್ದು ಏನೂ ಅಲ್ಲ, ಅಸಲಿ ಆಟ ಇನ್ನು ಸುರು ಅನ್ನುವ ಬೆದರಿಕೆ ಅದರಲ್ಲಿದೆ. ತುಸು ಚೇಷ್ಟೆಯೂ ಇದೆ. ಆ ಚೇಷ್ಟೆ ಇರುವುದರಿಂದಲೇ ಒಂದು ಎಚ್ಚರ: ನಿಜವಾಗಿ ನೋವಿನಲ್ಲಿರುವವರ ಮುಂದೆ ಇದನ್ನು ಬಳಸಬೇಡಿ. ಆಸ್ಪತ್ರೆ, ಸಾಲ, ಸಾವಿನ ಸಂಗತಿ ಬಂದಾಗ ‘ಮನಸ್ಸು ಗಟ್ಟಿ ಮಾಡ್ಕೊಳ್ಳಿ’ ಅನ್ನುವುದೇ ಸರಿ. ಇಂಗ್ಲಿಷಿನವರೂ ಅಂಥ ಹೊತ್ತಿನಲ್ಲಿ ಸೀಟ್ ಬೆಲ್ಟ್ ಎತ್ತುವುದಿಲ್ಲ. ಎತ್ತಿದರೆ ಅದು ಕೆಟ್ಟ ಹಾಸ್ಯ.

ಇನ್ನು ಗೆಳೆಯರ ವಾಟ್ಸಾಪಿನಲ್ಲಿ ಬರುವುದು: ‘ಲಾಂಗ್ ಸ್ಟೋರಿ, ಬಕಲ್ ಅಪ್.’ ಇದಕ್ಕೆ ನಿಘಂಟು ತೆಗೆಯಬೇಡಿ. ‘ಕತಿ ಭಾಳ ಉದ್ದ ಐತಿ, ಚಾ ತಗೊಂಡ ಕುಂದರ್ರಿ.’ ಮುಗಿಯಿತು. ಬೆಲ್ಟಿನ ಜಾಗದಲ್ಲಿ ಚಾ ಬಂದರೂ ಅರ್ಥ ಒಂದು ಗುಂಜಿ ಕಮ್ಮಿಯಾಗಲಿಲ್ಲ ನೋಡಿ. ಎರಡೂ ಕೇಳುಗನನ್ನು ಕೂರಿಸುತ್ತವೆ.

ಸುದ್ದಿ ಬರೆಯುವವರಿಗೆ ಒಂದು ಉದಾಹರಣೆ. ಡಿಸೆಂಬರ್ ಬಂದರೆ ಸುವರ್ಣ ವಿಧಾನಸೌಧದ ಅಧಿವೇಶನದ ಬಗ್ಗೆ ಇಂಗ್ಲಿಷಿನಲ್ಲಿ ‘ಫಾಸನ್ ಯುವರ್ ಸೀಟ್ ಬೆಲ್ಟ್ಸ್, ಸ್ಟಾರ್ಮಿ ಸೆಷನ್ ಅಹೆಡ್’ ಅನ್ನುವ ಧಾಟಿಯ ತಲೆಬರಹ ಬರೆಯುವವರು ಇದ್ದೇ ಇರುತ್ತಾರೆ. ಅದನ್ನು ‘ಸೀಟ್ ಬೆಲ್ಟ್ ಬಿಗಿಯಿರಿ, ಬಿರುಗಾಳಿಯ ಅಧಿವೇಶನ ಮುಂದಿದೆ’ ಅಂತ ಮಾಡಿದರೆ ಹವಾಮಾನ ಇಲಾಖೆಯ ಪ್ರಕಟಣೆ ಆಗುತ್ತದೆ. ನಾನಾದರೆ ಬೆಲ್ಟನ್ನು ಪೂರ್ತಿ ಕೈಬಿಡುತ್ತೇನೆ. ‘ಬೆಳಗಾವಿ ಚಳಿಯಲ್ಲಿ ಅಧಿವೇಶನಕ್ಕೆ ಕಾವು’ ಅಂದರೆ ಸಾಕು. ನುಡಿಗಟ್ಟಿಗೆ ಎದುರಾಗಿ ನುಡಿಗಟ್ಟೇ ಇಡಬೇಕು ಅಂತ ಯಾರೂ ಕಾನೂನು ಮಾಡಿಲ್ಲ.

ಆದರೆ ಅದೇ ತಿಂಗಳು ಕಬ್ಬಿನ ಹಂಗಾಮಿನ ಬಗ್ಗೆ, ಕಾರ್ಖಾನೆ ಅಧಿಕಾರಿ ತನ್ನ ಸಿಬ್ಬಂದಿಗೆ ‘ಬಕಲ್ ಅಪ್’ ಅಂತ ಬರೆದರೆ? ಕಬ್ಬು ನುರಿಸುವವರು ಅವರೇ, ಹಗಲು ರಾತ್ರಿ ನಿಂತು ದುಡಿಯುವವರು ಅವರೇ. ಅಲ್ಲಿ ‘ಹಂಗಾಮು ಬಂತು, ಟೊಂಕ ಕಟ್ರಿ’ ಸರಿ. ಅದೇ ಹಂಗಾಮಿನಲ್ಲಿ ಎರಡೆರಡು ಟ್ರಾಲಿ ಕಬ್ಬು ಹೇರಿಕೊಂಡು ಹೋಗುವ ಟ್ರ್ಯಾಕ್ಟರುಗಳ ಹಿಂದೆ ಬೈಕಿನಲ್ಲಿ ಹೋಗಬೇಕಾದ ನಿಮಗೆ ಯಾರಾದರೂ ‘ಬಕಲ್ ಅಪ್’ ಅಂದರೆ, ಅದು ‘ಜೀವಾ ಗಟ್ಟಿ ಹಿಡಕೊಂಡ ಹೋಗ್ರಿ’.

ಹೆಜ್ಜೆ 5: ಹೆಸರೊಂದೇ, ಮನೆ ಬೇರೆ

ಬೆಲ್ಟ್, ಬಕಲ್ ಕಂಡ ಕೂಡಲೇ ಎಲ್ಲವೂ ಇದೇ ಅಂದುಕೊಳ್ಳಬೇಡಿ. ‘ಬಕಲ್ ಡೌನ್’ ಅಂದರೆ ಮನಸ್ಸಿಟ್ಟು ಕೆಲಸಕ್ಕೆ ಕೂರು. ಪರೀಕ್ಷೆ ಹತ್ತಿರ ಬಂದಾಗ ಮೇಷ್ಟ್ರು ಹೇಳುವ ಮಾತು. ಬರೀ ‘ಬಕಲ್’ಗೆ ಕೊಂಡಿಯಲ್ಲದೆ ಭಾರಕ್ಕೆ ಬಾಗುವುದು, ಸೊಟ್ಟಾಗುವುದು ಅನ್ನುವ ಅರ್ಥವೂ ಇದೆ. ಫೌಂಡ್ರಿ ರಿಪೋರ್ಟಿನಲ್ಲಿ ‘ದಿ ಪ್ಲೇಟ್ ಬಕಲ್ಡ್’ ಅಂತ ಇದ್ದರೆ ಪ್ಲೇಟು ಬೆಲ್ಟ್ ಹಾಕಿಕೊಂಡಿತು ಅಂತಲ್ಲ, ಬಾಗಿಹೋಯಿತು ಅಂತ.

‘ಟೈಟನ್ ದ ಬೆಲ್ಟ್’ ಅಂದರೆ ಖರ್ಚು ಕಮ್ಮಿ ಮಾಡು. ಇದಕ್ಕೆ ನಮ್ಮ ‘ಹೊಟ್ಟೆಬಟ್ಟೆ ಕಟ್ಟಿ’ ಇದ್ದೇ ಇದೆ. ಹೊಟ್ಟೆಬಟ್ಟೆ ಕಟ್ಟಿ ಮಕ್ಕಳನ್ನು ಓದಿಸಿದರು ಅನ್ನುತ್ತೇವಲ್ಲ, ಅದೇ. ಇನ್ನು ‘ಬೆಲ್ಟ್ ಅಪ್’. ಬ್ರಿಟನ್ನಿನವರ ಆಡುಮಾತಿನಲ್ಲಿ ಇದಕ್ಕೆ ಬಾಯಿ ಮುಚ್ಚು ಎಂಬ ಅರ್ಥವೂ ಇದೆ. ಲಂಡನ್ನಿನಿಂದ ಬಂದ ಸಾಹೇಬರನ್ನು ಸಾಂಬ್ರಾದಿಂದ ಕರೆತರುವಾಗ ಕಾರಿನಲ್ಲಿ ನಗುನಗುತ್ತಾ ‘ಬೆಲ್ಟ್ ಅಪ್ ಸರ್’ ಅನ್ನಬೇಡಿ. ‘ಬಕಲ್ ಅಪ್’ ಅನ್ನಿ, ಇಲ್ಲವೇ ಸುಮ್ನೆ ‘ಸೀಟ್ ಬೆಲ್ಟ್ ಪ್ಲೀಸ್’ ಅನ್ನಿ.

ಹೆಜ್ಜೆ 6: ನಿಜವಾದ ಬೆಲ್ಟೇ ಆದರೆ ಹಾಕಬೇಕಾ, ಕಟ್ಟಬೇಕಾ, ಧರಿಸಬೇಕಾ?

ಇಂಗ್ಲಿಷಿನಲ್ಲಿ ಮೈಮೇಲೆ ಏನೇ ಹಾಕಿದರೂ ಒಂದೇ ‘ವೇರ್’. ನಮ್ಮಲ್ಲಿ ಸೀರೆ ಉಡುತ್ತೇವೆ, ಅಂಗಿ ತೊಡುತ್ತೇವೆ, ಹೂ ಮುಡಿಯುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ, ಪಟಗಾ ಸುತ್ತುತ್ತೇವೆ, ಕೌದಿ ಹೊದೆಯುತ್ತೇವೆ, ವಾಚು ಕಟ್ಟುತ್ತೇವೆ. ಇಷ್ಟು ಸಿರಿ ಇಟ್ಟುಕೊಂಡು ರಸ್ತೆ ಬದಿಯ ಬೋರ್ಡಿನಲ್ಲಿ ‘ಸೀಟ್ ಬೆಲ್ಟ್ ಧರಿಸಿ’ ಅಂತ ಬರೆಯುತ್ತೇವೆ. ‘ಧರಿಸಿ’ ಬೋರ್ಡಿನ ಭಾಷೆ. ಯಾವ ತಾಯಿಯೂ ಮಗನಿಗೆ ‘ಬೆಲ್ಟ್ ಧರಿಸು’ ಅಂದಿದ್ದನ್ನು ನಾನು ಕೇಳಿಲ್ಲ.

‘ಕಟ್ಟಿಕೊಳ್ಳಿ’ ಅನ್ನುವಾಗ ಕಿವಿಯಲ್ಲಿ ಹಿಂದಿಯ ‘ಕುರ್ಸೀ ಕೀ ಪೇಟೀ ಬಾಂಧ್ ಲೀಜಿಯೇ’ ಇರುತ್ತದೆ. ತಪ್ಪೇನಲ್ಲ. ಆದರೆ ಕಟ್ಟುವುದಕ್ಕೆ ಗಂಟು ಬೇಕು, ಈ ಬೆಲ್ಟಿಗೆ ಗಂಟಿಲ್ಲ, ‘ಕಟಕ್’ ಅನ್ನುವ ಕೊಂಡಿ ಇದೆ. ಮನೆಯಲ್ಲಿ ಮರಾಠಿ ಆಡುವ ನಮ್ಮ ಓಣಿಯ ಡ್ರೈವರ್ ಒಬ್ಬ ‘ಬೆಲ್ಟ್ ಹಚ್ಚರಿ’ ಅನ್ನುತ್ತಾನೆ. ಮರಾಠಿಯ ‘ಲಾವಾ’ ಕನ್ನಡದ ಅಂಗಿ ತೊಟ್ಟು ಬಂದದ್ದು. ಫೋನ್ ಹಚ್ಚುವ, ಟಿವಿ ಹಚ್ಚುವ ಊರಿನಲ್ಲಿ ಬೆಲ್ಟ್ ಹಚ್ಚಿದರೆ ನನಗಂತೂ ತಕರಾರಿಲ್ಲ. ಎಲ್ಲರಿಗೂ ತಿಳಿಯುವುದು, ಎಲ್ಲಿಯೂ ಕುಟುಕದಿರುವುದು ‘ಹಾಕಿಕೊಳ್ಳಿ’. ಸಡಿಲಾಗಿದೆ, ಎಳೆದು ಸರಿಮಾಡಿಕೊಳ್ಳಿ ಅನ್ನಬೇಕಾದಾಗ ಮಾತ್ರ ‘ಬಿಗಿದುಕೊಳ್ಳಿ’.

ಕ್ರಿಯಾಪದ ಸಿಕ್ಕಿತು. ಹಿರಿಯರಿಗೆ ಹೇಳುವುದು ಹೇಗೆ? ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಸೋದರಮಾವನನ್ನು ಕಾರಿನಲ್ಲಿ ಕರೆದುಕೊಂಡು ಹೊರಟಿದ್ದೆ. ಮಾಮಾ ಹಿಂದಿನ ಸೀಟಿನಲ್ಲಿ ಪಟಗಾ ಬಿಚ್ಚಿ ಪಕ್ಕಕ್ಕಿಟ್ಟು, ಕಾಲು ಚಾಚಿ ಕೂತರು.

‘ಮಾಮಾ, ಬೆಲ್ಟ್ ಹಾಕ್ಕೊಳ್ರಿ.’

‘ಹಿಂದ ಕುಂತೇನಿ. ನನಗ್ಯಾಕಲೇ ಅಳಿಯಾ? ಪೋಲೀಸರು ಮುಂದ ಕುಂತಾವ್ರನ್ನ ನೋಡ್ತಾರ.’

ಕೇಂದ್ರ ಮೋಟಾರು ವಾಹನ ನಿಯಮಗಳ 138ನೇ ನಿಯಮದಲ್ಲಿ ಹಿಂದೆ ಕೂತು ಮುಂದೆ ಮುಖ ಮಾಡಿದವರೂ ಬೆಲ್ಟ್ ಹಾಕಬೇಕು ಅಂತಿದೆ, ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನಲ್ಲಿ 1,000 ರೂಪಾಯಿ ದಂಡ ಇದೆ ಅಂತ ಹೇಳಿದೆ. ಮಾಮಾ ಕಿಟಕಿಯಾಚೆ ನೋಡಿದರು. ಉದ್ಯಮಿ ಸೈರಸ್ ಮಿಸ್ತ್ರಿ 2022ರ ಸೆಪ್ಟೆಂಬರಿನಲ್ಲಿ ಪಾಲ್ಘರ್ ಹತ್ತಿರ ತೀರಿಕೊಂಡಾಗ ಕೂತಿದ್ದು ಹಿಂದಿನ ಸೀಟಿನಲ್ಲಿ, ಬೆಲ್ಟ್ ಹಾಕಿರಲಿಲ್ಲ ಅಂತ ಪೊಲೀಸರು ಹೇಳಿದ್ದರು ಅಂದೆ. ‘ದೊಡ್ಡ ಮಂದಿ ಸುದ್ದಿ ನಮಗ್ಯಾಕ’ ಅಂದರು. ಕೊನೆಗೆ ಹೇಳಿದೆ: ‘ಜೋರ ಬ್ರೇಕ್ ಬಿದ್ರ ಕಾರು ನಿಲ್ಲತೈತಿ, ನೀವು ನಿಲ್ಲಂಗಿಲ್ರಿ ಮಾಮಾ. ಅದ ಸ್ಪೀಡಿನ್ಯಾಗ ಬಂದು ನನ್ನ ಬೆನ್ನಿಗೆ ಹಾಯ್ತೀರಿ. ನಿಮ್ಮ ಮೈಭಾರ ನೆನಸ್ಕೊಂಡ್ರ ನನಗ ಈಗ ಬೆನ್ನ ನೋಯಾಕತ್ತೈತಿ.’

‘ಹಂಗಂದ್ರ ತಾ ಮತ್ತ, ಎಲ್ಲೈತಿ ಅದು?’

ಎಲ್ಲೂ ಇರಲಿಲ್ಲ. ಬೆಲ್ಟ್ ಇತ್ತು, ಕೊಂಡಿ ನಾಪತ್ತೆ. ಹೊಸ ಸೀಟ್ ಕವರ್ ಹಾಕಿದ ಅಂಗಡಿಯವನು ಹಿಂದಿನ ಕೊಂಡಿಗಳನ್ನು ಕವರಿನ ಕೆಳಗೇ ಹೂತುಬಿಟ್ಟಿದ್ದ. ಗಾಡಿ ಬದಿಗೆ ನಿಲ್ಲಿಸಿ, ಸೀಟಿನ ಸಂದಿಗೆ ಮಣಿಕಟ್ಟಿನವರೆಗೆ ಕೈ ತೂರಿಸಿ ಹುಡುಕಿದೆ. ಮೊದಲು ಶೇಂಗಾ ಸಿಪ್ಪೆ ಬಂತು, ಆಮೇಲೆ ಮಗಳ ಕೂದಲ ಕ್ಲಿಪ್ಪು, ಒಂದು ಐದು ರೂಪಾಯಿ ನಾಣ್ಯ, ಕೊನೆಗೆ ಕೊಂಡಿ. ನಿಮ್ಮ ಕಾರಿನಲ್ಲೂ ಒಮ್ಮೆ ಕೈ ಹಾಕಿ ನೋಡಿ. ಹೊಸ ಕವರ್ ಹಾಕಿಸುವಾಗ ಪಕ್ಕದಲ್ಲೇ ನಿಂತು, ಕೊಂಡಿಗಳನ್ನು ಮೇಲೆ ತೆಗೆಸಿಕೊಳ್ಳಿ.

ಮಾಮಾ ಅಡ್ಡಪಟ್ಟಿಯನ್ನು ಹೊಟ್ಟೆಯ ಮೇಲೆ ಎಳೆದುಕೊಂಡರು. ಹಾಗಲ್ಲ. ಕೆಳಗಿನ ಪಟ್ಟಿ ಹೊಟ್ಟೆಯ ಕೆಳಗೆ, ಟೊಂಕದ ಎಲುಬಿನ ಮೇಲೆ ಕೂರಬೇಕು. ಗರ್ಭಿಣಿಯರಿಗೂ ಹಾಗೆಯೇ, ಹೊಟ್ಟೆಯ ಕೆಳಗೆ. ಮೇಲಿನ ಪಟ್ಟಿ ಹೆಗಲಿನಿಂದ ಎದೆಯ ನಡುವೆ ಇಳಿಯಬೇಕು. ಕುತ್ತಿಗೆಗೆ ತಾಗಬಾರದು, ಕಿರಿಕಿರಿ ಅಂತ ಕಂಕುಳಲ್ಲಿ ತೂರಿಸಲೂಬಾರದು. ಪಟ್ಟಿ ತಿರುಚಿರಬಾರದು. ಇಷ್ಟೆಲ್ಲ ಆದ ಮೇಲೆ ಮಾಮಾ ಅಂದರು: ‘ಕಡೀಕ ನನ್ನ ಟೊಂಕಾ ಕಟ್ಟೇಬಿಟ್ಟಿ.’ ಮೂರನೆಯ ಹೆಜ್ಜೆಯಲ್ಲಿ ನಾನು ಅಷ್ಟು ಕಷ್ಟಪಟ್ಟು ಬೇರೆ ಮಾಡಿದ ಎರಡು ಮಾತನ್ನು ಆ ಮನುಷ್ಯ ಒಂದು ಕೊಂಡಿಯಲ್ಲಿ ಸೇರಿಸಿಬಿಟ್ಟ.

ಹೆಜ್ಜೆ 7: ಕನ್ನಡದಲ್ಲೇ ‘ಸೀಟ್ ಬೆಲ್ಟ್ ಹಾಕ್ಕೊಳ್ಳಿ’ ಅಂತ ನುಡಿಗಟ್ಟಾಗಿ ಬಳಸಬಹುದಾ?

ಬಳಸಬಹುದು. ‘ಯೋಜನೆಗೆ ಬ್ರೇಕ್’, ‘ಮಾತುಕತೆ ಹಳಿ ತಪ್ಪಿತು’, ‘ಮಗ ಈಗ ಟಾಪ್ ಗೇರಿನಲ್ಲಿದ್ದಾನೆ’ ಅಂತ ದಿನಾ ಹೇಳುವ ನಮಗೆ ಗಾಡಿಯ ಮಾತು ಹೊಸದಲ್ಲ. ಎತ್ತಿನ ಗಾಡಿಯಿಂದ ನೊಗ, ಕಡಾಣಿ ತಂದೆವು. ರೈಲಿನಿಂದ ಹಳಿ ತಂದೆವು. ಕಾರಿನಿಂದ ಬೆಲ್ಟೂ ಬರಲಿ.

ಆದರೆ ಓದುವವರು ಯಾರು ನೋಡಿಕೊಳ್ಳಿ. ಕಾರ್ಖಾನೆಯ ಬೋರ್ಡಿನ ಮುಂದೆ ನಿಂತವರಲ್ಲಿ ಹೆಚ್ಚಿನವರು ಬಸ್ಸಿನಲ್ಲಿ, ಟಂಟಂನಲ್ಲಿ, ಬೈಕಿನಲ್ಲಿ ಬಂದವರು. ಬೆಲ್ಟ್ ಅವರ ಮೈಗೆ ಪರಿಚಯವಿಲ್ಲ, ಹಾಗಾಗಿ ಮಾತೂ ಮನಸ್ಸಿಗೆ ಇಳಿಯಲಿಲ್ಲ. ಅಂಥ ಕಡೆ ಕಂಡಕ್ಟರನ ‘ಗಟ್ಟಿ ಹಿಡಕೊಳ್ರಿ’ಯೇ ಮೇಲು. ಕಾಲೇಜಿನ ಹುಡುಗರಿಗೆ, ಯೂಟ್ಯೂಬ್ ನೋಡುವವರಿಗೆ ಬರೆಯುವಾಗ ಬೆಲ್ಟ್ ಸಲೀಸು. ಇನ್ನೊಂದು: ಮುಂದೆ ಕುಲುಕಾಟ ಏನು ಅನ್ನುವುದನ್ನು ಅದೇ ಉಸಿರಿನಲ್ಲಿ ಹೇಳಿ. ‘ಸೀಟ್ ಬೆಲ್ಟ್ ಹಾಕ್ಕೊಳ್ರಿ, ಅತ್ತಿಗೆ ಬಿಲ್ ನೋಡ್ಯಾರ’ ಅಂದರೆ ಯಾರಿಗೂ ಟ್ರಿಪ್ಪಿನ ಅನುಮಾನ ಬರುವುದಿಲ್ಲ. ಬರೀ ‘ಸೀಟ್ ಬೆಲ್ಟ್ ಹಾಕ್ಕೊಳ್ರಿ’ ಅಂತ ನಿಲ್ಲಿಸಿದರೆ ಗಾಡಿ ಎಷ್ಟಕ್ಕೆ ಅಂತ ಕೇಳಿಯೇ ಕೇಳುತ್ತಾರೆ.

ಇದನ್ನು ನನಗಿಂತ ಚೆನ್ನಾಗಿ ಕಲಿತವರು ಮಾಮಾ. ಬನಶಂಕರಿ ಜಾತ್ರೆಗೆ ಹೋಗಿ ಕಂಪನಿ ನಾಟಕ ನೋಡದೆ ಬರುವುದುಂಟೇ? ಸಂಜೆಗೆ ವಾಪಸ್ ಅಂತ ಹೊರಟವರು ಒಂದು ನಾಟಕ ಮುಗಿಸಿ ಪಕ್ಕದ ಟೆಂಟಿನ ಇನ್ನೊಂದಕ್ಕೂ ನುಗ್ಗಿದರು. ಫೋನಿನ ಬ್ಯಾಟರಿ ಅಷ್ಟೊತ್ತಿಗೆ ಸತ್ತಿತ್ತು. ಬೆಳಗಾವಿಯ ಅವರ ಮನೆ ಮುಂದೆ ಕಾರು ನಿಲ್ಲಿಸಿದಾಗ ಕೋಳಿ ಕೂಗುವ ಹೊತ್ತು. ಬಾಗಿಲ ದೀಪ ಹತ್ತಿತ್ತು. ಅತ್ತಿ ಹೊಸ್ತಿಲ ಮೇಲೆ ಟೊಂಕದ ಮೇಲೆ ಎರಡೂ ಕೈ ಇಟ್ಟುಕೊಂಡು ನಿಂತಿದ್ದರು.

ನಾನು ಕೊಂಡಿಗೆ ಕೈ ಹಾಕಿದೆ. ಹಿಂದಿನಿಂದ ಮಾಮಾ ಮೆಲ್ಲಗೆ ನನ್ನ ಹೆಗಲು ಹಿಡಿದರು.

‘ತಡಿ ಅಳಿಯಾ. ಬೆಲ್ಟ್ ಇನ್ನ ತಗೀಬ್ಯಾಡ.’